ಈ ವಾರದ ಚರ್ಚೆ: ಡಾ. ನೆಲ್ಸನ್ ಬೆಲ್

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ವೈದ್ಯಕೀಯ ಇತಿಹಾಸದ ನಮ್ಮ ಚರ್ಚೆಗೆ ಈ ವಾರ ಅಮೆರಿಕದ ವರ್ಜೀನಿಯಾದ ಡಾ. ನೆಲ್ಸನ್ ಬೆಲ್ (1894–1973) ಅವರ ಬದುಕನ್ನು ಆರಿಸಿಕೊಳ್ಳಲಾಗಿದೆ. ಕಾಲೇಜಿನಲ್ಲಿ ಹೆಸರಾಂತ ಬೇಸ್‌ಬಾಲ್ ಆಟಗಾರರಾಗಿದ್ದು, ವೃತ್ತಿಪರ ತಂಡದೊಂದಿಗೆ ಒಪ್ಪಂದವನ್ನೂ ಮಾಡಿಕೊಂಡಿದ್ದ ಅವರು, ವಕೀಲರಾಗುವ ಯೋಚನೆಯನ್ನು ಕೈಬಿಟ್ಟು ವೈದ್ಯಕೀಯ ಓದಿ, 1916ರಲ್ಲಿ ಪತ್ನಿ ವರ್ಜೀನಿಯಾ ಅವರೊಂದಿಗೆ ಚೀನಾದ ಜಿಯಾಂಗ್‌ಸು ಪ್ರಾಂತ್ಯದ ಚಿಂಗ್‌ಜಿಯಾಂಗ್‌ಪು ಪಟ್ಟಣದ ಪ್ರೆಸ್ಬಿಟೇರಿಯನ್ (ಪ್ರೊಟೆಸ್ಟೆಂಟ್ ಕ್ರೈಸ್ತ ಪಂಥದ) ಮಿಷನ್ ಆಸ್ಪತ್ರೆಗೆ ತೆರಳಿದರು. ಮಹಾಕಾಲುವೆಯ ದಡದ ಆ ಊರು ಇಂದು ಹುವಾಯ್‌ಆನ್ ನಗರದ ಭಾಗವಾಗಿದೆ.

ಅವರನ್ನು ಧರ್ಮಪ್ರಚಾರಕ ಬಿಲ್ಲಿ ಗ್ರಹಾಂ ಅವರ ಮಾವನೆಂದಷ್ಟೇ ಪರಿಚಯಿಸಿ ಮುಗಿಸುವುದು ಅನ್ಯಾಯವೆಂದು ನನ್ನ ಭಾವನೆ. ಮರಳುನೊಣದ ಕಡಿತದಿಂದ ಹರಡಿ, ಗುಲ್ಮವನ್ನು ಊದಿಸಿ, ಚಿಕಿತ್ಸೆಯಿಲ್ಲದಿದ್ದರೆ ಬಹುತೇಕ ಪ್ರಾಣವನ್ನೇ ತೆಗೆಯುವ ಕಾಲಾ ಅಜಾರ್ ಆ ಸೀಮೆಯನ್ನು ಕಾಡುತ್ತಿದ್ದಾಗ, ಅವರ ಆಸ್ಪತ್ರೆ ಅದರ ಚಿಕಿತ್ಸೆಗೆ ಮುಖ್ಯ ಆಸರೆಯಾಗಿತ್ತು. ಅದೇ ರೋಗಕ್ಕೆ ಕಲ್ಕತ್ತೆಯಲ್ಲಿ ಉಪೇಂದ್ರನಾಥ ಬ್ರಹ್ಮಚಾರಿ ಅವರು 1920ರ ದಶಕದ ಆರಂಭದಲ್ಲಿ ಯೂರಿಯಾ ಸ್ಟಿಬಮೈನ್ ಎಂಬ, ಆಂಟಿಮನಿ ಧಾತುವನ್ನು ಒಳಗೊಂಡ ಔಷಧವನ್ನು ಸಿದ್ಧಪಡಿಸಿದ್ದರು ಎಂಬುದನ್ನು ಇಲ್ಲಿ ನೆನೆಯಲೇಬೇಕು. 1937ರಲ್ಲಿ ಜಪಾನ್ ಪೂರ್ಣ ಯುದ್ಧ ಆರಂಭಿಸಿದ ಮೇಲೂ ಬೆಲ್ ಕುಟುಂಬ ಅಲ್ಲಿಯೇ ಉಳಿದು, 1941ರಲ್ಲಿ ಸ್ವದೇಶಕ್ಕೆ ಮರಳಿತು.

ಧರ್ಮಪ್ರಚಾರ ಮತ್ತು ಚಿಕಿತ್ಸೆ ಒಂದೇ ಸೂರಿನಡಿ ನಡೆದುದರ ಬಗ್ಗೆ ಭಿನ್ನಾಭಿಪ್ರಾಯಗಳು ಸಹಜ. ಅವನ್ನು ಆಧಾರಸಹಿತವಾಗಿ, ಸೌಜನ್ಯದಿಂದ ಬರೆಯಬೇಕೆಂದು ವಿನಂತಿ. ಕಾಲಾ ಅಜಾರ್ ರೋಗಿಗಳಿಗೆ ಚಿಕಿತ್ಸೆ ನೀಡಿದ ಅನುಭವವುಳ್ಳ ವೈದ್ಯ ಸದಸ್ಯರು ಭಾನುವಾರದೊಳಗೆ ಟಿಪ್ಪಣಿ ಕಳುಹಿಸಿದರೆ ಚರ್ಚೆಯನ್ನು ಅಲ್ಲಿಂದಲೇ ಆರಂಭಿಸಬಹುದು.