ಫಝ್ ಪೆಡಲ್ ಮೂಕವಾದರೆ ಮೊದಲು ಅಳೆಯಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಹವ್ಯಾಸ ಪುಟದಲ್ಲಿ ಗಿಟಾರಿನ ಸದ್ದನ್ನು ಒರಟಾಗಿಸುವ ಫಝ್ ಪೆಡಲನ್ನು ಮನೆಯಲ್ಲೇ ಕಟ್ಟಿಕೊಳ್ಳುವ ಬಗೆಯನ್ನು ವಿವರಿಸಿದ ಲೇಖನವನ್ನು ಆಸಕ್ತಿಯಿಂದ ಓದಿದೆ. 1966ರಲ್ಲಿ ಮಾರುಕಟ್ಟೆಗೆ ಬಂದ ಫಝ್ ಫೇಸ್ ಪೆಡಲಿನ ವಿದ್ಯುತ್ ಮಂಡಲವನ್ನು (ಸರ್ಕ್ಯೂಟನ್ನು) ಲೇಖಕರು ಆರಿಸಿಕೊಂಡದ್ದು ಸರಿಯಾಗಿದೆ. ಸದ್ದನ್ನು ವರ್ಧಿಸುವ ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ಪೊಟೆನ್ಶಿಯೋಮೀಟರ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್), ಹೀಗೆ ಹನ್ನೊಂದೇ ಬಿಡಿಭಾಗಗಳಲ್ಲಿ ಮುಗಿಯುವ ಈ ಮಂಡಲಕ್ಕಿಂತ ಒಳ್ಳೆಯ ಮೊದಲ ಪಾಠ ಹೊಸಬರಿಗೆ ಸಿಗುವುದು ಕಷ್ಟ. ಆದರೆ ಲೇಖನದ ಕೊನೆಯಲ್ಲಿ, ಸದ್ದು ಬಾರದಿದ್ದರೆ ಟ್ರಾನ್ಸಿಸ್ಟರ್‌ಗಳನ್ನು ಬದಲಿಸಿ ನೋಡಬೇಕೆಂದು ಕೊಟ್ಟಿರುವ ಒಂದು ಸಾಲಿನ ಸಲಹೆಯನ್ನು ನಾನು ಒಪ್ಪಲಾರೆ. ಅದೇ ಸಲಹೆಯನ್ನು ನಂಬಿ ನಾನು ಹಿಂದೆ ಎರಡು ಒಳ್ಳೆಯ, ಜರ್ಮೇನಿಯಂ ಎಂಬ ಅರೆವಾಹಕದಿಂದ ಮಾಡಿದ ಟ್ರಾನ್ಸಿಸ್ಟರ್‌ಗಳನ್ನು ಕಳೆದುಕೊಂಡಿದ್ದೇನೆ.

ನನ್ನ ಮೊದಲ ಪೆಡಲ್ ಮೇಜಿನ ಮೇಲೆ ತೆರೆದಿಟ್ಟಾಗ ಸೊಗಸಾಗಿ ಮೊಳಗುತ್ತಿತ್ತು, ಪೆಟ್ಟಿಗೆಯೊಳಗೆ ಕೂರಿಸಿ ತಿರುಪು ಬಿಗಿದ ಕೂಡಲೇ ಮೂಕವಾಗುತ್ತಿತ್ತು. ಟ್ರಾನ್ಸಿಸ್ಟರೇ ಕೆಟ್ಟಿರಬೇಕೆಂದು ತೀರ್ಮಾನಿಸಿ ಬೆಸುಗೆಯನ್ನು ಮತ್ತೆ ಮತ್ತೆ ಕರಗಿಸಿದೆ. ಜರ್ಮೇನಿಯಂ ಅಷ್ಟು ಬಿಸಿಯನ್ನು ತಾಳುವುದಿಲ್ಲ. ನಿಜವಾದ ದೋಷವಿದ್ದದ್ದು ಕೇಬಲ್ ಚುಚ್ಚುವ ಔಟ್‌ಪುಟ್ ಜ್ಯಾಕಿನಲ್ಲಿ: ಪೆಟ್ಟಿಗೆ ಮುಚ್ಚಿದಾಗ ಅದರ ತುದಿಯ ಸಂಪರ್ಕಪಟ್ಟಿ ಲೋಹದ ಗೋಡೆಗೆ ತಾಗಿ, ಬರಬೇಕಾದ ಸದ್ದೆಲ್ಲ ನೆಲಕ್ಕೆ (ಮಂಡಲದ ಗ್ರೌಂಡಿಗೆ) ಇಳಿದುಹೋಗುತ್ತಿತ್ತು. ಜ್ಯಾಕನ್ನು ಸ್ವಲ್ಪ ತಿರುಗಿಸಿ ಬಿಗಿದಿದ್ದರೆ ಕೆಲಸ ಮುಗಿಯುತ್ತಿತ್ತು. ಮುಚ್ಚಿದಾಗ ಮಾತ್ರ ಕೆಡುವ ಪೆಡಲಿನಲ್ಲಿ ಜ್ಯಾಕುಗಳನ್ನೂ ಪೊಟೆನ್ಶಿಯೋಮೀಟರಿನ ಲೋಹದ ಬೆನ್ನು ಬಿಡಿಭಾಗಗಳ ಹಲಗೆಯ ಬೆಸುಗೆಗೆ ತಾಗುವುದನ್ನೂ ಎಲ್ಲಕ್ಕಿಂತ ಮೊದಲು ನೋಡಬೇಕೆಂದು ಅಂದಿನಿಂದ ಹೇಳುತ್ತಾ ಬಂದಿದ್ದೇನೆ.

ಪೆಡಲ್ ತೆರೆದಿದ್ದಾಗಲೂ ಸದ್ದು ಬಾರದಿದ್ದರೆ, ಬೆಸುಗೆ ಕಡ್ಡಿಯನ್ನು ಬಿಸಿ ಮಾಡುವ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ವೋಲ್ಟೇಜ್ ಅಳೆಯುವ ಮಲ್ಟಿಮೀಟರನ್ನು. ಬ್ಯಾಟರಿ ಜೋಡಿಸಿ, ಇನ್‌ಪುಟ್ ಜ್ಯಾಕಿಗೆ ಕೇಬಲ್ ಚುಚ್ಚಿಯೇ ಅಳೆಯಬೇಕು, ಏಕೆಂದರೆ ಇಂತಹ ಬಹುತೇಕ ಪೆಡಲುಗಳಲ್ಲಿ ಸ್ಟೀರಿಯೋ ಜ್ಯಾಕೇ ಬ್ಯಾಟರಿಯ ಸ್ವಿಚ್ಚಾಗಿಯೂ ಕೆಲಸ ಮಾಡುತ್ತದೆ, ಕೇಬಲ್ ಇಲ್ಲದಿದ್ದರೆ ಮಂಡಲಕ್ಕೆ ವಿದ್ಯುತ್ತೇ ಹರಿಯುವುದಿಲ್ಲ. ಸತ್ತುಹೋಗಿದೆಯೆಂದು ಬದಿಗಿಟ್ಟ ಎಷ್ಟೋ ಪೆಡಲುಗಳು ಈ ಒಂದು ಮರೆವಿನಿಂದಲೇ ಸತ್ತಂತೆ ಕಂಡಿರುತ್ತವೆ. ಟ್ರಾನ್ಸಿಸ್ಟರಿಗೆ ಬೇಸ್, ಕಲೆಕ್ಟರ್, ಎಮಿಟರ್ ಎಂಬ ಮೂರು ಕಾಲುಗಳಿವೆ. ಸಿಲಿಕಾನ್ ಎನ್‌ಪಿಎನ್ ಟ್ರಾನ್ಸಿಸ್ಟರ್‌ಗಳ ಪೆಡಲಿನಲ್ಲಿ, 9 ವೋಲ್ಟ್ ಬ್ಯಾಟರಿಯಿಂದ, ಮೊದಲ ಟ್ರಾನ್ಸಿಸ್ಟರಿನ ಬೇಸಿನಲ್ಲಿ ಸುಮಾರು 0.6 ವೋಲ್ಟ್, ಅದರ ಕಲೆಕ್ಟರಿನಲ್ಲಿ 1.2ರಿಂದ 1.5 ವೋಲ್ಟ್, ಎರಡನೆಯದರ ಕಲೆಕ್ಟರಿನಲ್ಲಿ ಬ್ಯಾಟರಿಯ ಅರ್ಧದಷ್ಟು, ಅಂದರೆ 4.5 ವೋಲ್ಟಿನ ಆಸುಪಾಸು ಇರಬೇಕು. ಈ ಕೊನೆಯ ಅಂಕಿಯೇ ಪೆಡಲಿನ ನಾಡಿ. ಅಲ್ಲಿ ಪೂರ್ತಿ 9 ವೋಲ್ಟ್ ಕಂಡರೆ ಎರಡನೆಯ ಟ್ರಾನ್ಸಿಸ್ಟರಿನಲ್ಲಿ ವಿದ್ಯುತ್ತು ಹರಿಯುತ್ತಿಲ್ಲ, ಅದರ ಎಮಿಟರಿನಿಂದ ನೆಲಕ್ಕೆ ಹೋಗುವ ದಾರಿಯಲ್ಲಿ ಎಲ್ಲೋ ಬೆಸುಗೆ ಹಿಡಿದಿಲ್ಲ ಅಥವಾ ಬೇಸಿಗೆ ವೋಲ್ಟೇಜ್ ತಲುಪುತ್ತಿಲ್ಲ ಎಂದು ಅರ್ಥ. ಸೊನ್ನೆ ಕಂಡರೆ ಕಲೆಕ್ಟರಿಗೆ ವಿದ್ಯುತ್ತನ್ನು ತರುವ ರೆಸಿಸ್ಟರುಗಳ ಕಡೆ ನೋಡಬೇಕು. 1 ವೋಲ್ಟಿನ ಹತ್ತಿರ ಅಂಟಿಕೊಂಡು ನಿಂತಿದ್ದರೆ ನನ್ನ ಮೊದಲ ಅನುಮಾನ ಎರಡನೆಯ ಟ್ರಾನ್ಸಿಸ್ಟರಿನಿಂದ ಮೊದಲನೆಯದಕ್ಕೆ ವಿದ್ಯುತ್ತನ್ನು ಮರಳಿಸುವ 1 ಲಕ್ಷ ಓಮಿನ ಫೀಡ್‌ಬ್ಯಾಕ್ ರೆಸಿಸ್ಟರಿನ ಮೇಲೆ, ಅದು ಕಡಿದುಹೋದರೆ ಮೊದಲ ಟ್ರಾನ್ಸಿಸ್ಟರ್ ಮಲಗುತ್ತದೆ, ಎರಡನೆಯದು ಪೂರ್ತಿ ತೆರೆದುಕೊಳ್ಳುತ್ತದೆ.

ಟ್ರಾನ್ಸಿಸ್ಟರಿನ ಕಾಲುಗಳ ಕ್ರಮದ ಬಗ್ಗೆ ಲೇಖನ ಏನನ್ನೂ ಹೇಳದಿರುವುದು ನನಗೆ ಬಹಳ ಖೇದ ತಂದಿದೆ. ಚಪ್ಪಟೆ ಮುಖವನ್ನು ನಮ್ಮ ಕಡೆಗೂ ಕಾಲುಗಳನ್ನು ಕೆಳಕ್ಕೂ ಹಿಡಿದರೆ ಬಿ.ಸಿ. 547 (BC547) ಎಂಬ ಟ್ರಾನ್ಸಿಸ್ಟರಿನಲ್ಲಿ ಎಡದಿಂದ ಬಲಕ್ಕೆ ಕಲೆಕ್ಟರ್, ಬೇಸ್, ಎಮಿಟರ್ ಬರುತ್ತವೆ. ನೋಡಲು ಅದರಂತೆಯೇ ಇರುವ 2ಎನ್ 3904ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಗೆಯೇ ನಿಲ್ಲಿಸಿದರೆ ಪೆಡಲ್ ಸಾಯಲೇಬೇಕೆಂದಿಲ್ಲ. ತಲೆಕೆಳಗಾದ ಟ್ರಾನ್ಸಿಸ್ಟರೂ ಅಲ್ಪಸ್ವಲ್ಪ ವರ್ಧಿಸುತ್ತದೆ, ಆದ್ದರಿಂದ ಕ್ಷೀಣವಾದ, ಜೀವವಿಲ್ಲದ ಸದ್ದೊಂದು ಬರುತ್ತಲೇ ಇದ್ದು ಕಟ್ಟಿದವರನ್ನು ದಾರಿ ತಪ್ಪಿಸುತ್ತದೆ. ಲೇಖನದ ಸಲಹೆಯಂತೆ ಬದಲಿಸಲು ಹೊರಟವರು ಇದ್ದ ತಪ್ಪಿನ ಮೇಲೆ ಹೊಸ ತಪ್ಪನ್ನು ಪೇರಿಸುವುದು ಹೆಚ್ಚಾಗಿ ಇಲ್ಲಿಯೇ.

ಅಂಕಿಗಳೆಲ್ಲ ಸರಿಯಿದ್ದೂ ಸದ್ದಿಲ್ಲದಿದ್ದರೆ, ದೋಷ ಸದ್ದಿನ ದಾರಿಯಲ್ಲಿದೆ. ಒಂದು ತಂತಿಯ ತುದಿಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಬೆಸೆದು, ಇನ್ನೊಂದು ತುದಿಯನ್ನು ಆಂಪ್ಲಿಫಯರಿಗೆ ಹೋಗುವ ಕೇಬಲಿನ ತುದಿಗೆ ಸೇರಿಸಿ, ಎರಡರ ನೆಲವನ್ನೂ ಜೋಡಿಸಿದರೆ ವೈದ್ಯರ ಸ್ಟೆತಸ್ಕೋಪಿನಂತಹ ಸಾಧನ ಸಿದ್ಧವಾಗುತ್ತದೆ. ಯಾರಾದರೂ ಗಿಟಾರನ್ನು ಮೀಟುತ್ತಿರುವಾಗ ಆಂಪ್ಲಿಫಯರಿನ ಸದ್ದನ್ನು ತಗ್ಗಿಸಿಟ್ಟು, ಇನ್‌ಪುಟ್ ಜ್ಯಾಕಿನಿಂದ ಆರಂಭಿಸಿ ಒಂದೊಂದೇ ಬಿಂದುವನ್ನು ಮುಟ್ಟುತ್ತಾ ಹೋಗಬೇಕು. ಸದ್ದು ಎಲ್ಲಿ ನಿಲ್ಲುತ್ತದೆಯೋ ಅದಕ್ಕೂ ಹಿಂದಿನ ಬಿಂದುವಿಗೂ ನಡುವೆ ದೋಷವಿರುತ್ತದೆ. ಒಂಬತ್ತು ಕಾಲುಗಳ ಕಾಲೊತ್ತು ಸ್ವಿಚ್ಚಿನ ತಪ್ಪು ಜೋಡಣೆಯನ್ನು ಇದಕ್ಕಿಂತ ಬೇಗ ತೋರಿಸುವ ಉಪಾಯ ನನಗೆ ತಿಳಿದಿಲ್ಲ.

ಸದ್ದು ಬಂದರೂ ಸ್ವರ ಹರಿದು ಹರಿದು, ಸೀನಿದಂತೆ ನಿಂತುಬಿಡುವ ದೋಷವೊಂದಿದೆ. ಅದು ಬಹುಮಟ್ಟಿಗೆ ಎರಡನೆಯ ಕಲೆಕ್ಟರಿನ ವೋಲ್ಟೇಜ್ ಅರ್ಧದಿಂದ ದೂರ ಸರಿದಿರುವುದರ ಲಕ್ಷಣ. ಅಲ್ಲಿನ 8,200 ಓಮಿನ ರೆಸಿಸ್ಟರಿನ ಬದಲು 20,000 ಓಮಿನ ಸಣ್ಣ ಟ್ರಿಮ್ ಪೊಟೆನ್ಶಿಯೋಮೀಟರನ್ನು ಹಾಕಿದರೆ ಕಿವಿಗೆ ಹಿತವಾಗುವಂತೆ ತಿದ್ದಿಕೊಳ್ಳಬಹುದು. ಜರ್ಮೇನಿಯಂ ಪೆಡಲಿಗೆ ಇದು ಇನ್ನೂ ಅಗತ್ಯ. ಅದರ ಸೋರಿಕೆ ವಿದ್ಯುತ್ತು ಬಿಸಿಯೇರಿದಂತೆ ಏರುವುದರಿಂದ, ಟ್ರಾನ್ಸಿಸ್ಟರನ್ನು ಬೆರಳಲ್ಲಿ ಹಿಡಿದಷ್ಟಕ್ಕೇ ಮೀಟರಿನ ಅಂಕಿ ಜರುಗುವುದನ್ನು ಕಣ್ಣಾರೆ ನೋಡಬಹುದು. ಕೈ ತೆಗೆದು ಕೆಲವು ನಿಮಿಷ ಕಾದ ಮೇಲೆಯೇ ಅಳೆಯಬೇಕು. ಎನ್‌ಪಿಎನ್‌ಗೆ ವಿರುದ್ಧ ದಿಕ್ಕಿನಲ್ಲಿ ವಿದ್ಯುತ್ತು ಹರಿಸುವ ಪಿಎನ್‌ಪಿ ಜರ್ಮೇನಿಯಂ ಬಳಸಿದ ಹಳೆಯ ಮಾದರಿಯಲ್ಲಿ ಬ್ಯಾಟರಿಯ ಧನ ತುದಿಯೇ ನೆಲವಾಗಿರುವ ಕಾರಣ ಅದನ್ನು ಬೇರೆ ಪೆಡಲುಗಳೊಂದಿಗೆ ಒಂದೇ ಅಡಾಪ್ಟರಿಗೆ ಪೋಣಿಸಬಾರದು, ಪೋಣಿಸಿದರೆ ಅಡಾಪ್ಟರ್ ಶಾರ್ಟ್ ಆಗುತ್ತದೆ. ಲೇಖನದಲ್ಲಿ ಈ ಎಚ್ಚರಿಕೆ ಇರಲೇಬೇಕಿತ್ತು.

ಲೇಖನದೊಂದಿಗೆ ಅಚ್ಚಾದ ನಕ್ಷೆ ಸ್ಪಷ್ಟವಾಗಿತ್ತು, ಅದಕ್ಕಾಗಿ ಕೃತಜ್ಞ. ಆದರೆ ಅದರಲ್ಲಿ ಒಂದು ವೋಲ್ಟೇಜ್ ಅಂಕಿಯೂ ಇರಲಿಲ್ಲ. ಮುಂದೆ ಇಂತಹ ನಕ್ಷೆಗಳನ್ನು ಪ್ರಕಟಿಸುವಾಗ ಪ್ರತಿ ಟ್ರಾನ್ಸಿಸ್ಟರಿನ ಮೂರೂ ಕಾಲುಗಳ ಹೆಸರನ್ನೂ ಅಲ್ಲಿ ಇರಬೇಕಾದ ವೋಲ್ಟೇಜನ್ನೂ ಪಕ್ಕದಲ್ಲೇ ಅಚ್ಚು ಮಾಡಬೇಕೆಂದು ವಿನಂತಿಸುತ್ತೇನೆ.

ಇತಿ,
ನಿಮ್ಮ ಓದುಗ