ಕುರುಚಲು ಅಂದೆಯಲ್ಲ, ಆ ಕಾಡಿನ ಬಗ್ಗೆ

ಹೈದರಾಬಾದ್, 20 ಏಪ್ರಿಲ್ 2025

ಪ್ರೀತಿಯ ದೋಸ್ತ,

ಮೊನ್ನೆ ಫೋನಿನಲ್ಲಿ ನೀನು ಕೇಳಿದೆ, "ಅದೇನು ದೊಡ್ಡ ಕಾಡೇನೋ? ಬರೀ ಕುರುಚಲು, ಬಂಡೆ. ಅದಕ್ಕೆ ಇಷ್ಟೊಂದು ಗದ್ದಲ ಯಾಕೆ?" ಆಗ ಗಂಟಲು ಕಟ್ಟಿತು, ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕಂಚ ಗಚ್ಚಿಬೌಲಿ ನಮ್ಮ ಮನೆಗೆ ಹತ್ತಿರ. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಅಂಟಿಕೊಂಡೇ ಇರುವ 400 ಎಕರೆ. ಮಾರ್ಚ್ 30, ಯುಗಾದಿ. ನಾವು ಬೇವು ಬೆಲ್ಲ ತಿಂದು ಕೂತಿದ್ದೆವು. ಅವತ್ತೇ ಮರ ಕಡಿದು ನೆಲ ಬೋಳು ಮಾಡಲು ತೆಲಂಗಾಣ ಸರ್ಕಾರದ ಜೆಸಿಬಿಗಳು ಒಳಗೆ ನುಗ್ಗಿದವು. ತಡೆಯಲು ಹೋದ ವಿದ್ಯಾರ್ಥಿಗಳನ್ನು ಪೊಲೀಸರು ವ್ಯಾನಿಗೆ ಹತ್ತಿಸಿಕೊಂಡು ಹೋದರು. ಮರುದಿನ ರಂಜಾನ್ ಹಬ್ಬ, ಕೋರ್ಟಿಗೂ ರಜೆ. ಮರಗಳು ಮಾತ್ರ ಉರುಳುತ್ತಲೇ ಇದ್ದವು. ರಾತ್ರಿ ಟೆರೇಸಿನ ಮೇಲೆ ನಿಂತರೆ ನವಿಲುಗಳ ಕೂಗು ಕೇಳುತ್ತಿತ್ತು. ಮೋಡ ಕಟ್ಟಿದಾಗ ಕೂಗುವ ಹಾಗಲ್ಲ ಅದು. ಆಮೇಲೆ ಯಾರೋ ಇಲ್ಲಿಯದೇ ಅನ್ನುವ ಹಾಗೆ ಎಐನಿಂದ ಸುಳ್ಳು ಚಿತ್ರ ಮಾಡಿ ಹರಿಬಿಟ್ಟರು. ಅದು ತಪ್ಪು. ನಿಜವೇ ಅಷ್ಟು ಘೋರವಾಗಿದ್ದಾಗ ಸುಳ್ಳು ಯಾಕೆ ಬೇಕಿತ್ತು?

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಶಾಲೆ ತಪ್ಪಿಸಿ ರಾಯಚೂರಿನ ಗುಡ್ಡದ ಹಿಂದೆ ಸೀತಾಫಲ ಕೀಳುತ್ತಿದ್ದೆವಲ್ಲ, ನೆನಪಿದೆಯಾ? ಇದೂ ಅದೇ ನೆಲ. ಅದೇ ಸೀತಾಫಲ, ಅದೇ ಬೇವು, ಒಂದರ ಮೇಲೊಂದು ಕೂತ ಅದೇ ಗುಂಡು ಬಂಡೆ. ಆ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಮಳೆ ಕಡಿಮೆ ಇರುವ ನಮ್ಮ ಕಡೆ ಕಾಡು ಅಂದರೆ ಹೀಗೇ ಇರುತ್ತದೆ. ಮಲೆನಾಡಿನ ಹಾಗೆ ಆಕಾಶ ಮುಟ್ಟಬೇಕು ಅಂದರೆ ಹೇಗೆ? ಬೆನ್ನ ಮೇಲೆ ನಕ್ಷತ್ರ ಬರೆದ ಹಾಗಿರುವ ಆಮೆಗೆ ಬೇಕಾಗಿರುವುದು ಈ ಹುಲ್ಲು, ಈ ಪೊದೆ. ಚುಕ್ಕೆ ಜಿಂಕೆ ಇವೆ, 200ಕ್ಕೂ ಜಾಸ್ತಿ ಬಗೆಯ ಹಕ್ಕಿ ಇವೆ. ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲೇ ಮೊದಲು ಸಿಕ್ಕ ಒಂದು ಜೇಡಕ್ಕೆ ಹೈದರಾಬಾದಿನ ಹೆಸರನ್ನೇ ಇಟ್ಟಿದ್ದಾರೆ. ಬಂಡೆಗಳ ನಡುವೆ ನೀರು ನಿಂತು ಕೆರೆಗಳಾಗಿವೆ. ಒಂದಕ್ಕೆ ನವಿಲು ಕೆರೆ ಅಂತ ಹೆಸರು, ಇನ್ನೊಂದಕ್ಕೆ ಎಮ್ಮೆ ಕೆರೆ.

ಕಂಚ ಅಂದರೆ ಗೋಮಾಳ. ದಾಖಲೆಯಲ್ಲಿ ಇದು ಅರಣ್ಯವಲ್ಲ ಅಂತ ಸರ್ಕಾರ ಹೇಳುತ್ತದೆ. ಒಮ್ಮೆ ಕ್ರೀಡಾ ಕಂಪನಿಯೊಂದಕ್ಕೆ ಕೊಟ್ಟಿದ್ದರು, 2006ರಲ್ಲಿ ವಾಪಸ್ ಪಡೆದರು, ವರ್ಷಗಟ್ಟಲೆ ಕೇಸು ನಡೆದು 2024ರಲ್ಲಿ ಸರ್ಕಾರವೇ ಗೆದ್ದಿತು. ಸರಿ, ಜಮೀನು ಸರ್ಕಾರದ್ದೇ ಇರಲಿ. ಆದರೆ ಕಾಡು ಯಾರ ಹೆಸರಲ್ಲಿದ್ದರೂ ಕಾಡೇ, ನಿಘಂಟಿನಲ್ಲಿರುವ ಅರ್ಥದಲ್ಲೇ ಅದನ್ನು ನೋಡಬೇಕು ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಕಡಿಯುವ ಮೊದಲು ಒಮ್ಮೆ ಕೇಳಬೇಕಿತ್ತು ಅಲ್ವಾ?

ಏಪ್ರಿಲ್ 3ರಂದು ಕೋರ್ಟ್ ಎಲ್ಲವನ್ನೂ ನಿಲ್ಲಿಸಿತು. ಆ ಹೊತ್ತಿಗೆ ನೂರು ಎಕರೆಯಷ್ಟು ಬೋಳಾಗಿತ್ತು. ಅದನ್ನು ಮತ್ತೆ ಹೇಗೆ ಬೆಳೆಸುತ್ತೀರಿ, ಯೋಜನೆ ಕೊಡಿ ಅಂತ ಮೊನ್ನೆ 16ಕ್ಕೆ ಕೇಳಿದೆ. ಸುಮ್ನೆ ಸಸಿ ನೆಟ್ಟು ಫೋಟೊ ತೆಗೆಸಿಕೊಂಡರೆ ಆಗುವ ಕೆಲಸವಲ್ಲ. ಬುಡ ಕಿತ್ತಿರದ ಕಡೆ ಬಿಟ್ಟರೆ ತಾನಾಗಿಯೇ ಚಿಗುರುತ್ತದೆ ಅನ್ನುವುದು ನನ್ನ ಆಸೆ. ಸೀತಾಫಲ ಅಷ್ಟು ಸುಲಭಕ್ಕೆ ಸಾಯುವ ಗಿಡವಲ್ಲ.

ನಮ್ಮ ಗುಡ್ಡದ ಹಿಂದಿನ ಗಿಡಗಳು ಈಗಲೂ ಇವೆಯಾ? ಬಿಸಿಲು ಇಳಿದ ಮೇಲೆ ಒಮ್ಮೆ ಹೋಗಿ ನೋಡು. ಫೋಟೊ ಕಳಿಸು.

ನಿನ್ನ ದೋಸ್ತ