ಸೊಂಟಕ್ಕೆ ಸುತ್ತುವ ಟೇಪು ಮೀನಖಂಡಕ್ಕೂ ಇಳಿಯಲಿ

ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ,
ಉತ್ತರ ಕನ್ನಡ, ಕಾರವಾರ

ಮಾನ್ಯರೇ,

ಮೂವತ್ತು ದಾಟಿದವರ ಬಿಪಿ, ಶುಗರ್ ಪಟ್ಟಿಗೆಂದು ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ಸೊಂಟದ ಸುತ್ತಳತೆ ಬರೆದುಕೊಳ್ಳುತ್ತಾರೆ. ಸೊಂಟ ದಪ್ಪಗಾದಷ್ಟೂ ಅಪಾಯದ ಅಂಕ ಏರುತ್ತದೆ. ಎಪ್ಪತ್ತೈದರ ಅಜ್ಜಿ ಸವೆದು ಕಡ್ಡಿಯಾಗಿದ್ದರೆ ಆ ಸಾಲಿಗೆ ಸೊನ್ನೆ, ಅಂದರೆ ಎಲ್ಲ ಸರಿ! ಅಪೌಷ್ಟಿಕತೆ ಪತ್ತೆಹಚ್ಚಲು ಅರವತ್ತು ದಾಟಿದವರ ಮೀನಖಂಡಕ್ಕೂ ಅದೇ ಟೇಪು ಸುತ್ತಿಸಿ ಎಂಬುದು ನಮ್ಮ ಕೋರಿಕೆ.

ಬೆನ್ನು ಬಾಗಿದವರ ಎತ್ತರ ಸರಿಯಾಗಿ ಸಿಗುವುದಿಲ್ಲ, ಹಾಸಿಗೆ ಹಿಡಿದವರು ತೂಕದ ಯಂತ್ರ ಹತ್ತುವುದಿಲ್ಲ. ವೃದ್ಧರ ಪೌಷ್ಟಿಕತೆ ಅಳೆಯಲೆಂದೇ ಇರುವ ಎಂಎನ್‌ಎ ಕಿರುನಮೂನೆ (6 ಪ್ರಶ್ನೆ, 14 ಅಂಕ) ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಸಿಗದಾಗ ಮೀನಖಂಡದ ಅಳತೆಯನ್ನು ಒಪ್ಪುತ್ತದೆ. 31 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಆ ಪ್ರಶ್ನೆಗೆ ಸೊನ್ನೆ. ಒಟ್ಟು 7ರೊಳಗೆ ಬಂದರೆ ಅಪೌಷ್ಟಿಕತೆ, 8ರಿಂದ 11 ಬಂದರೆ ಅಪಾಯ ಹತ್ತಿರದಲ್ಲಿದೆ.

ಕುರ್ಚಿಯಲ್ಲಿ ಕೂರಿಸಿ, ಪಾದ ನೆಲಕ್ಕೂರಿ, ಮೊಣಕಾಲು 90 ಡಿಗ್ರಿ ಮಡಚಿರಬೇಕು. ಬರಿಗಾಲಿಗೆ ಟೇಪು ಸುತ್ತಿ ಮೇಲೆ ಕೆಳಗೆ ಸರಿಸಿ ಅತಿ ದಪ್ಪವಿರುವಲ್ಲಿ ಓದಬೇಕು. ಚರ್ಮ ಒತ್ತುವಷ್ಟು ಎಳೆದರೆ ಗಟ್ಟಿಮುಟ್ಟಾದವರೂ ಅಪೌಷ್ಟಿಕರ ಪಟ್ಟಿಗೆ ಸೇರಿಬಿಡುತ್ತಾರೆ. ಬಾವಿನ ಕಾಲು ಇನ್ನೂ ದೊಡ್ಡ ಮೋಸ: ಹೃದಯ, ಕಿಡ್ನಿ ತೊಂದರೆಯಿಂದ ನೀರು ತುಂಬಿದ ಕಾಲು ತುಂಬಿದ ಮಾಂಸಖಂಡದಂತೆ ಕಾಣುತ್ತದೆ. ಮೊಣಕಾಲಿನ ಕೆಳಗೆ, ಕಾಲಿನ ಮುಂದಿನ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ನೋಡಲಿ. ಗುಳಿ ಉಳಿದರೆ ಕಾಲು ಬಿಟ್ಟು ತೋಳು ಅಳೆಯಲಿ. ತೋಳಿನ ನಡುಭಾಗ 23.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಬಿಎಂಐ 20ರೊಳಗಿರುವ ಸಂಭವವೇ ಹೆಚ್ಚು.

31 ಎಂಬ ಗಡಿ ನಮ್ಮ ಜನರ ಮೈಕಟ್ಟಿಗೆ ಹೊಂದುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅದನ್ನು ಪರೀಕ್ಷಿಸಲು ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೇ ಇದೆಯಲ್ಲ.

ಪಟ್ಟಿ ಸಿಕ್ಕ ಮೇಲೆ ಊಟದ ಮಾತು. 'ವಯಸ್ಸಾಯ್ತು, ಗಂಜಿ ಸಾಕು' ಎನ್ನುವುದೇ ನಮ್ಮಲ್ಲಿನ ರೋಗ. 50 ಗ್ರಾಂ ಕುಚ್ಚಲಕ್ಕಿಯ ಗಂಜಿಯಲ್ಲಿ ಪ್ರೋಟೀನು ಸುಮಾರು 4 ಗ್ರಾಂ. 45 ಕೆ.ಜಿ. ತೂಗುವ ಅಜ್ಜಿಗೆ ಕೆ.ಜಿ.ಗೆ 1 ಗ್ರಾಂ ಲೆಕ್ಕದಲ್ಲಿ ದಿನಕ್ಕೆ 45 ಬೇಕು. ಮೂರು ಹೊತ್ತು ಗಂಜಿ ಕುಡಿದರೂ 12 ದಾಟುವುದಿಲ್ಲ. ಅದೇ ಗಂಜಿಯಲ್ಲಿ 30 ಗ್ರಾಂ ಹೆಸರುಬೇಳೆ ಬೇಯಿಸಿದರೆ 7 ಗ್ರಾಂ ಕೂಡುತ್ತದೆ. ಒಂದು ಮೊಟ್ಟೆಗೆ 6, ಮುಳ್ಳು ಬಿಡಿಸಿದ 100 ಗ್ರಾಂ ಬಂಗುಡೆಗೆ 18ರ ಆಸುಪಾಸು. ಹಲ್ಲಿಲ್ಲದವರಿಗೆ ಕಿವುಚಿ ಕೊಟ್ಟರಾಯಿತು. ಕಿಡ್ನಿ ರೋಗಿಗಳಿಗೆ ಮಾತ್ರ ಪ್ರೋಟೀನು ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಐದು ದಿನಕ್ಕೂ ಮಿಕ್ಕಿ ಏನೂ ತಿನ್ನದವರಿಗೆ ಒಮ್ಮೆಲೇ ಹೊಟ್ಟೆತುಂಬ ಬಡಿಸಿದರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಜೀವಕ್ಕೇ ಅಪಾಯ. ಮೊದಲೆರಡು ದಿನ ಬೇಕಾದುದರ ಅರ್ಧದಷ್ಟೇ, ಅದೂ ವೈದ್ಯರ ಕಣ್ಗಾವಲಿನಲ್ಲಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ದಡ ಬಿಡುವುದಿಲ್ಲ. ತಾಜಾ ಮೀನಿನ ಜಾಗಕ್ಕೆ ಬರುವ ಒಣಮೀನು ಬಿಪಿಯವರಿಗೆ ಉಪ್ಪಿನ ಮೂಟೆ. ಕರಾವಳಿ ತಾಲೂಕುಗಳಲ್ಲಿ ಮೊದಲ ಅಳತೆ ಮೇ ಕೊನೆಗೆ, ಎರಡನೆಯದು ಆಗಸ್ಟ್ ಮೊದಲ ವಾರ ಮಾಡಿಸಿ. ಮಳೆಗಾಲ ಎಷ್ಟು ಸೆಂಟಿಮೀಟರ್ ತಿಂದಿತು ಎಂಬುದು ಆಗ ನಿಮ್ಮ ಕಡತದಲ್ಲೇ ಇರುತ್ತದೆ.

ಇಂತು,
ಕಾರವಾರ, ಶಿರಸಿ ಭಾಗದ ಆಹಾರ ತಜ್ಞರು ಮತ್ತು ಶುಶ್ರೂಷಕರು